ಊರು ಮಲಗಿದಾಗ ಎಚ್ಚರವಿದ್ದವರು

ದುಡಿದವನಿಗೆ ಬಂಡೆಯ ಮೇಲೂ ನಿದ್ದೆ, ಸಾಹುಕಾರನಿಗೆ ಸುಪ್ಪತ್ತಿಗೆಯಲ್ಲೂ ನಿದ್ದೆ ಇಲ್ಲ. ಈ ನೀತಿಕತೆಯನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿಕೊಂಡೇ ಬೆಳೆದವರು. ಅದರ ಜೊತೆಗೆ ಗಾದೆಗಳು ಬೇರೆ. 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ', 'ಹಸಿವು ರುಚಿ ಕಾಣದು, ನಿದ್ದೆ ಸುಖ ಕಾಣದು'. ಸಂತೆಯಲ್ಲಿ ಮಲಗಿದವನನ್ನು ನೋಡಿ ಗಾದೆ ಕಟ್ಟಿದ ಜಾಣರು, ಅವನು ಹಿಂದಿನ ರಾತ್ರಿ ಎಲ್ಲಿದ್ದ ಅಂತ ಕೇಳಲಿಲ್ಲ. ಇಡೀ ರಾತ್ರಿ ಗಾಡಿಯ ಹಿಂದೆ ನಡೆದು, ಬೆಳಗಿನ ಜಾವ ಮೂಟೆ ಇಳಿಸಿ, ಬಿಸಿಲೇರಿದ ಮೇಲೆ ಗೋಡೆಯ ನೆರಳಿಗೆ ಒರಗಿದ ಮನುಷ್ಯ ಅವನು. ಅದಕ್ಕೆ ನಿಶ್ಚಿಂತೆ ಅಂತ ಹೆಸರಿಟ್ಟರು. ಸುಸ್ತಾಗಿ ಬೀಳೋದಕ್ಕೂ ಸುಖವಾಗಿ ಮಲಗೋದಕ್ಕೂ ಇರುವ ವ್ಯತ್ಯಾಸ ತಿಳಿಯಬೇಕಾದರೆ ಒಂದು ಸಲವಾದರೂ ಸುಸ್ತಾಗಿ ಬಿದ್ದಿರಬೇಕು.

ಈ ಕತೆಯಿಂದ ಲಾಭ ಯಾರಿಗೆ? ಭೂಮಿ ಇಲ್ಲ, ಕೂಲಿ ಸಾಲದು, ಸೂರು ಸೋರುತ್ತೆ ಅಂದವನಿಗೆ 'ಹೋಗಲಿ ಬಿಡು, ನಿನಗೆ ನಿದ್ದೆಯಾದರೂ ಇದೆಯಲ್ಲ, ನನಗೆ ಅದೂ ಇಲ್ಲ' ಅಂತ ಹೇಳಿ ಕಳಿಸಬಹುದು. ಕೊಡಬೇಕಾದ್ದನ್ನು ಕೊಡದೆ, ಇಲ್ಲದ್ದನ್ನು ಇದೆ ಅಂತ ನಂಬಿಸುವುದು ನಮ್ಮ ಪುರೋಹಿತಶಾಹಿಗೆ ಹೊಸ ವಿದ್ಯೆಯೇನಲ್ಲ.

ನಿಜವೋ ಸುಳ್ಳೋ ಅಳೆದು ನೋಡಿದವರಿದ್ದಾರೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅರ್ಥಶಾಸ್ತ್ರಜ್ಞರ ತಂಡವೊಂದು ಚೆನ್ನೈ ನಗರದ ಬಡವರ ಕೈಗೆ ಗಡಿಯಾರದಂಥ ಉಪಕರಣ ಕಟ್ಟಿ ಅವರ ನಿದ್ದೆಯನ್ನು ಲೆಕ್ಕ ಹಾಕಿತು. ಅವರು ಮಲಗಿಕೊಂಡಿರುತ್ತಿದ್ದದ್ದು ರಾತ್ರಿಗೆ 8 ಗಂಟೆ. ನಿಜವಾಗಿ ನಿದ್ದೆ ಹತ್ತುತ್ತಿದ್ದದ್ದು ಸರಾಸರಿ ಐದೂವರೆ ಗಂಟೆ ಮಾತ್ರ. ಉಳಿದ ಎರಡೂವರೆ ಗಂಟೆ ಸೆಖೆ, ಸೊಳ್ಳೆ, ರಸ್ತೆಯ ಸದ್ದು, ಪಕ್ಕದವರ ಕೆಮ್ಮು ಇಂಥವುಗಳ ಪಾಲು. ಒಂದೇ ರಾತ್ರಿಯಲ್ಲಿ ಮತ್ತೆ ಮತ್ತೆ ಎಚ್ಚರ. ಅವರ ನಿದ್ದೆ ಎಷ್ಟು ಚೂರುಚೂರಾಗಿತ್ತೆಂದರೆ, ಆಸ್ಪತ್ರೆಯಲ್ಲಿ ನಿದ್ರಾಹೀನತೆ ಅಂತ ಚೀಟಿ ಬರೆಸಿಕೊಂಡು ಮಾತ್ರೆ ನುಂಗುವವರ ನಿದ್ದೆಗೆ ಅದು ಸಮವಾಗಿತ್ತು. ಬಂಡೆಯ ಮೇಲಿನ ಸುಖನಿದ್ದೆಯ ಕತೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಈ ನಿದ್ದೆ ಹೋದದ್ದು ಎಲ್ಲಿಗೆ? ಭೂಮಿಯ ಹಂಚಿಕೆಗೆ, ನೀರಿನ ಹಂಚಿಕೆಗೆ ಚರಿತ್ರೆ ಇರುವ ಹಾಗೆ ನಿದ್ದೆಯ ಹಂಚಿಕೆಗೂ ಒಂದು ಚರಿತ್ರೆ ಇದೆ. ರಾಜರು ಯಾವ ಅರಮನೆಯಲ್ಲಿ ಮಲಗಿದರು ಅಂತ ಬರೆದವರು, ಅರಮನೆಯ ಬಾಗಿಲಲ್ಲಿ ಮಲಗದೆ ನಿಂತವನ ಬಗ್ಗೆ ಬರೆಯಲಿಲ್ಲ ಅಷ್ಟೆ.

ನಮ್ಮ ಹಳೇ ಮೈಸೂರು ಸೀಮೆಯ ಹಳ್ಳಿಯಿಂದಲೇ ಶುರು ಮಾಡೋಣ. ಅಲ್ಲಿ ಹನ್ನೆರಡು ಜನ ಆಯಗಾರರು. ಗೌಡ, ಶಾನುಭೋಗ ಅಂತ ಮೇಲಿನಿಂದ ಹೆಸರು ಹೇಳುತ್ತಾ ಬಂದರೆ ತಳದಲ್ಲಿ ಸಿಗುವವರು ತೋಟಿ, ತಳವಾರ, ನೀರುಗಂಟಿ. ತೋಟಿ ಬೆಳೆ ಕಾಯಬೇಕು, ಊರಿನ ಎಲ್ಲೆ ಕಾಯಬೇಕು, ಸಾವಿನ ಸುದ್ದಿ ಹೊತ್ತು ಊರೂರಿಗೆ ನಡೆಯಬೇಕು. ತಳವಾರ ಕಳ್ಳಕಾಕರ ಮೇಲೆ ಕಣ್ಣಿಟ್ಟಿರಬೇಕು. ನೀರುಗಂಟಿ ಕೆರೆಯ ತೂಬು ಎತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡಬೇಕು. ಸರದಿ ನಡುರಾತ್ರಿಗೆ ಬಿದ್ದರೆ ನಡುರಾತ್ರಿ, ಸೋನೆ ಮಳೆಯಲ್ಲಿ ಬಿದ್ದರೆ ಸೋನೆ ಮಳೆಯಲ್ಲಿ. ತಳವಾರಿಕೆ ಕೆಲವು ಕಡೆ ಬೇಡರದ್ದಾಗಿತ್ತು, ಆದರೆ ತೋಟಿತನ, ನೀರುಗಂಟಿತನ ಹೆಚ್ಚಿನ ಕಡೆ ಹೊಲಗೇರಿ ಮಾದಿಗಗೇರಿಗಳ ಹೆಗಲಿಗೇ ಬಿದ್ದವು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಸೆರಗೊಡ್ಡಿ ಪಡೆದ ಆಯ, ಒಂದು ತುಂಡು ಇನಾಂ ಜಮೀನು, ಇದಕ್ಕೆ ಪ್ರತಿಯಾಗಿ ವರ್ಷದ ಅಷ್ಟೂ ರಾತ್ರಿಗಳು. ಅಂದರೆ ಊರು ನೆಮ್ಮದಿಯಾಗಿ ಮಲಗಬೇಕಾದರೆ ಕೇರಿ ಎಚ್ಚರ ಇರಬೇಕು. ಇದು ಯಾರೋ ಒಬ್ಬ ಕೆಟ್ಟ ಗೌಡನ ದರ್ಪದಿಂದ ಆದದ್ದಲ್ಲ, ಊರಿನ ಏರ್ಪಾಡೇ ಹಾಗಿತ್ತು.

ಇಲ್ಲೊಂದು ಮಜಾ ನೋಡಿ. ಮನುಸ್ಮೃತಿಯ ಹತ್ತನೇ ಅಧ್ಯಾಯ, ಚಂಡಾಲರು ರಾತ್ರಿ ಹೊತ್ತು ಊರು ಪಟ್ಟಣಗಳಲ್ಲಿ ತಿರುಗಾಡಕೂಡದು ಅಂತ ಅಪ್ಪಣೆ ಕೊಡುತ್ತೆ. ಹಳ್ಳಿಯ ಯಜಮಾನರು ಸ್ಮೃತಿಯ ಉಳಿದ ಮಾತನ್ನೆಲ್ಲ ಕಟ್ಟುನಿಟ್ಟಾಗಿ ಪಾಲಿಸಿದರು, ಈ ಒಂದು ಮಾತನ್ನು ಮಾತ್ರ ಸಲೀಸಾಗಿ ಮರೆತರು. ಗದ್ದೆಗೆ ನೀರು ಬೇಕಾದಾಗ, ರಾಗಿ ಬಣವೆಗೆ ಕಾವಲು ಬೇಕಾದಾಗ ಶಾಸ್ತ್ರ ಸಡಿಲವಾಯಿತು. ದೇವಸ್ಥಾನದ ಬಾಗಿಲಲ್ಲಿ ಬಿಗಿಯಾಯಿತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಈ ವಂಶಪಾರಂಪರ್ಯದ ಚಾಕರಿಯನ್ನು ಕಾಗದದ ಮೇಲೆ ಕೊನೆಗಾಣಿಸಿತು.

ತೋಟಿಗಾದರೂ ಕೆಲಸಕ್ಕೆ ಒಂದು ಹೆಸರಿತ್ತು. ಜೀತದಾಳಿಗೆ ಅದೂ ಇಲ್ಲ. ಅವನ ಕೆಲಸಕ್ಕೆ ಹೊತ್ತು ಗೊತ್ತು ಎರಡೂ ಇಲ್ಲ. ಮಲಗೋದು ಕಣದಲ್ಲಿ, ಹುಲ್ಲಿನ ಮೆದೆಯ ಮಗ್ಗುಲಲ್ಲಿ, ಹೊಲದ ಅಟ್ಟಣೆಯ ಮೇಲೆ, ದನದ ಕೊಟ್ಟಿಗೆಯ ಹೊರಗೆ. ಕೋಳಿ ಕೂಗುವ ಮೊದಲೇ ಎದ್ದು ಸಗಣಿ ಬಾಚಬೇಕು, ದನಕ್ಕೆ ಹುಲ್ಲು ಎಳೆದು ಹಾಕಬೇಕು, ಹೊತ್ತು ಮೂಡುವಷ್ಟರಲ್ಲಿ ಕಪಿಲೆ ಬಾವಿಗೆ ಎತ್ತು ಕಟ್ಟಬೇಕು. ನಡುರಾತ್ರಿ ಹಸು ಈಯ್ದರೂ ಅವನೇ, ಹಂದಿ ಹೊಲಕ್ಕೆ ನುಗ್ಗಿದರೂ ಅವನೇ. ಒಡೆಯ ಕೂಗಿದ ಕೂಡಲೇ 'ಬುದ್ದೀ' ಅಂತ ಓಗೊಡಬೇಕು, ಎರಡನೇ ಸಲ ಕೂಗಿಸಿಕೊಂಡರೆ ಬಾರುಕೋಲು. ಮೈ ಮಲಗಿದ್ದರೂ ಕಿವಿ ಎದ್ದೇ ಇರಬೇಕಾದ ನಿದ್ದೆ ಅದು. ಅಪ್ಪ ಮಾಡಿದ ಸಾಲಕ್ಕೆ ಎಂಟು ಹತ್ತು ವರ್ಷದ ಹುಡುಗನನ್ನು ಜೀತಕ್ಕೆ ಬಿಟ್ಟಾಗ, ಬಡ್ಡಿಗೆ ಹೋಗುತ್ತಿದ್ದದ್ದು ಅವನ ಹಗಲು ಮಾತ್ರವಲ್ಲ, ಬೆಳೆಯುವ ವಯಸ್ಸಿನ ನಿದ್ದೆಯೂ ಕೂಡ. 1975ರ ಅಕ್ಟೋಬರಿನ ಸುಗ್ರೀವಾಜ್ಞೆ ಮತ್ತು 1976ರ ಜೀತಪದ್ಧತಿ ರದ್ದಿಯಾತಿ ಕಾಯ್ದೆ ಸಾಲವನ್ನು ಅಳಿಸಿದವು. ಕೋಳಿ ಕೂಗುವ ಮೊದಲು ಬೆಚ್ಚಿ ಏಳುವ ಅಭ್ಯಾಸ ಆ ತಲೆಮಾರಿನ ಮೈಯಿಂದ ಕಾಯ್ದೆಗೆ ಅಳಿಸಲಾಗಲಿಲ್ಲ.

ಹೆಂಗಸರ ಮಾತು ಎತ್ತದೆ ಮುಂದೆ ಹೋಗುವಂತಿಲ್ಲ. ಬೆಳಗಿನ ಜಾವದ ಬೀಸೋಕಲ್ಲಿನ ಪದಗಳನ್ನು ನಮ್ಮ ಜಾನಪದ ವಿದ್ವಾಂಸರು ಸಂಗ್ರಹಿಸಿದರು, ಛಂದಸ್ಸು ಹೇಳಿದರು, ಡಾಕ್ಟರೇಟು ಪಡೆದರು. ಹಿಟ್ಟಿಗೆ ರಾಗಿ ಬೀಸಲು ಆ ತಾಯಿ ಎಷ್ಟು ಹೊತ್ತಿಗೆ ಎದ್ದಿದ್ದಳು, ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಕಂಬಳಿ ಹೊದ್ದಿದ್ದಳು ಅಂತ ಟಿಪ್ಪಣಿ ಬರೆದುಕೊಂಡವರು ಕಡಿಮೆ.

ಹಳ್ಳಿಯ ಒಡೆಯ ಕತ್ತಲಲ್ಲಿ ಕಸಿದುಕೊಂಡದ್ದನ್ನು ಪಟ್ಟಣದ ಒಡೆಯ ದೀಪ ಹಚ್ಚಿ ಕಸಿದುಕೊಂಡ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಮೊದಮೊದಲು ಸೂರ್ಯ ಮೂಡಿದಾಗ ಕೆಲಸ ಶುರು, ಮುಳುಗಿದಾಗ ನಿಲುಗಡೆ. ವಾರಕ್ಕೊಂದು ರಜೆಯೂ ಇರಲಿಲ್ಲ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕೂಲಿಕಾರರ ಸಂಘ ಕಟ್ಟಿದರು, ಸುಮಾರು 5,500 ಕಾರ್ಮಿಕರ ಸಹಿಯ ಮನವಿ ಕೊಟ್ಟರು, ಸಭೆ ಮೇಲೆ ಸಭೆ ನಡೆಸಿದರು. 1890ರ ಜೂನ್ 10ರಂದು ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದರು. ಇವತ್ತು ಭಾನುವಾರ ಹೊತ್ತೇರುವವರೆಗೆ ಮಲಗುವ ಗುಮಾಸ್ತರು, ಮೇಷ್ಟ್ರುಗಳು ಆ ರಜೆಯನ್ನು ಬ್ರಿಟಿಷರು ದಾನ ಕೊಟ್ಟದ್ದು ಅಂತ ತಿಳಿದಿದ್ದಾರೆ. ಶೂದ್ರ ಅತಿಶೂದ್ರರ ಚಳವಳಿಯಿಂದ ಹುಟ್ಟಿಬಂದ ಒಬ್ಬ ನಾಯಕ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಅನ್ನೋದು ಯಾವ ಪಠ್ಯಪುಸ್ತಕದಲ್ಲಿ ದಪ್ಪಕ್ಷರದಲ್ಲಿದೆ?

ಆಮೇಲೆ ಬಂದದ್ದು ವಿದ್ಯುತ್ತು. 1905ರ ಹೊತ್ತಿಗೆ ಮುಂಬಯಿಯ ಗಿರಣಿಗಳಲ್ಲಿ ವಿದ್ಯುದ್ದೀಪ ಹತ್ತಿಕೊಂಡಿತು, ದಿನದ ದುಡಿಮೆ 14-15 ಗಂಟೆಗೆ ಏರಿತು. ಸೂರ್ಯ ಮುಳುಗುತ್ತಾನೆ ಅನ್ನೋ ಒಂದೇ ಕಾರಣಕ್ಕೆ ಸಿಗುತ್ತಿದ್ದ ವಿರಾಮವೂ ಹೋಯಿತು. ಕಾರ್ಮಿಕರು ಪ್ರತಿಭಟಿಸಿದರು. ಗಂಡಾಳುಗಳಿಗೆ ಬಟ್ಟೆ ಗಿರಣಿಗಳಲ್ಲಿ ದಿನಕ್ಕೆ 12 ಗಂಟೆಯ ಮಿತಿ ಹಾಕಲು ಸರ್ಕಾರ 1911ರವರೆಗೆ ಕಾಲ ತಳ್ಳಿತು.

ನಮ್ಮ ಕಡೆ ಇದೇ ಕಾಲವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದರು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಸರಿ, ಹೆಮ್ಮೆ ಪಡೋಣ. ಆದರೆ ಆ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ, ಜಾನ್ ಟೇಲರ್ ಕಂಪನಿಯ ಯಂತ್ರಗಳಿಗೆ. ಮೈಸೂರಿನ ಯಾವ ಗುಡಿಸಲಿಗೂ ಅಲ್ಲ. ಗಣಿಗೆ ಇಳಿದವರಲ್ಲಿ ಬಹುಪಾಲು ತಮಿಳು ತೆಲುಗು ಸೀಮೆಗಳಿಂದ ಬರ, ಜೀತ ತಪ್ಪಿಸಿಕೊಂಡು ಬಂದ ದಲಿತರು. ನೆಲದೊಳಗೆ ಹಗಲು ರಾತ್ರಿ ಎರಡೂ ಒಂದೇ. ಕಂಪನಿಗೆ ಸೂರ್ಯ ಬೇಕಿರಲಿಲ್ಲ, ಪಾಳಿ ಸಾಕಾಗಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಯಿತು. ಅಲ್ಲಿನ ಬಂಡೆಯ ಕಾವು 60 ಡಿಗ್ರಿಯ ಆಸುಪಾಸು. ಅಂಥ ಕಡೆ ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ಮಲಗಬೇಕಾದದ್ದು ಲೈನು ಮನೆಯ ಒಂದೇ ಕೋಣೆಯಲ್ಲಿ. ಅದೇ ಕೋಣೆಯಲ್ಲಿ ಒಲೆ, ಮಕ್ಕಳು, ಗೋಡೆಯಾಚೆ ಇನ್ನೊಂದು ಸಂಸಾರ. ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಗಳು ಅದುರುತ್ತಿದ್ದವು. ಅದಕ್ಕೆ ಗಣಿಯವರು 'ಏರ್ ಬ್ಲಾಸ್ಟ್' ಅನ್ನುತ್ತಿದ್ದರು. ಅದು ನಡುರಾತ್ರಿ ಆದರೆ ಆ ಪಾಳಿಗೆ ಗಂಡ, ಮಗ ಹೋಗಿದ್ದ ಹೆಂಗಸರಿಗೆ ಮತ್ತೆ ನಿದ್ದೆ ಎಲ್ಲಿಂದ ಬರಬೇಕು? 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಎಷ್ಟು ಟನ್ನು ಚಿನ್ನ ಹೋಯಿತು ಅನ್ನುವ ಲೆಕ್ಕ ಎಲ್ಲರ ಬಾಯಲ್ಲೂ ಇದೆ.

ಎಂಟು ಗಂಟೆ ಕೆಲಸ, ಎಂಟು ಗಂಟೆ ವಿಶ್ರಾಂತಿ, ಎಂಟು ಗಂಟೆ ನಮ್ಮ ಇಷ್ಟದ ಬದುಕು ಅನ್ನೋ ಬೇಡಿಕೆ ಬ್ರಿಟನ್ನಿನ ರಾಬರ್ಟ್ ಓವೆನ್ ಕಾಲದ್ದು. 1886ರಲ್ಲಿ ಶಿಕಾಗೋ ಕಾರ್ಮಿಕರು ಅದಕ್ಕೆ ರಕ್ತ ಕೊಟ್ಟರು. ಮೇ ದಿನದ ಭಾಷಣಗಳಲ್ಲಿ ನಾವು ಮೊದಲ ಎಂಟು ಗಂಟೆಯನ್ನಷ್ಟೇ ಹಿಡಿದುಕೊಂಡಿದ್ದೇವೆ. ನಡುವಿನ ಎಂಟು ಗಂಟೆ ನಿದ್ದೆಯ ಬೇಡಿಕೆ ಅನ್ನೋದನ್ನು ಕೆಂಬಾವುಟದ ಗೆಳೆಯರೂ ಮರೆತಂತಿದೆ. ನಮ್ಮ ದೇಶದಲ್ಲಿ ವಾರದ ದುಡಿಮೆ 1922ರ ಕಾಯ್ದೆಯಲ್ಲಿ 60 ಗಂಟೆ, 1934ರ ಕಾಯ್ದೆಯಲ್ಲಿ 54 ಗಂಟೆ. ಅದು 48ಕ್ಕೆ ಇಳಿದದ್ದು 1946ರ ತಿದ್ದುಪಡಿಯಲ್ಲಿ. ಆ ಮಸೂದೆಯನ್ನು ತಂದವರು 1942ರಿಂದ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಬಾಬಾಸಾಹೇಬ್ ಅಂಬೇಡ್ಕರ್. ವಾರಕ್ಕೆ 6 ಗಂಟೆ ಉಳಿತಾಯ ಅಂದರೆ ದಿನಕ್ಕೆ ಒಂದು ಗಂಟೆ. ಗಿರಣಿ ಕೆಲಸದವನಿಗೆ ಒಂದು ಗಂಟೆ ಅಂದರೇನು ಅಂತ ಆ ಮನುಷ್ಯನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಬೆಳೆದದ್ದೇ ಮುಂಬಯಿ ಪರೇಲಿನ ಗಿರಣಿ ಕಾರ್ಮಿಕರ ಚಾಳಿನಲ್ಲಿ, ಒಂದೇ ಕೋಣೆಯಲ್ಲಿ. ಇಬ್ಬರು ಸರಿಯಾಗಿ ಕಾಲು ಚಾಚಲು ಜಾಗವಿರಲಿಲ್ಲ. ತಂದೆ ರಾಮ್‌ಜಿ ಸಕ್ಪಾಲರು ಮಗನನ್ನು ಬೇಗ ಮಲಗಿಸಿ, ತಾವು ರಾತ್ರಿ ಎರಡು ಗಂಟೆಯವರೆಗೆ ಎದ್ದಿದ್ದು, ಆಮೇಲೆ ಮಗನನ್ನು ಎಬ್ಬಿಸಿ ಅದೇ ಜಾಗದಲ್ಲಿ ಒರಗುತ್ತಿದ್ದರು. ಹುಡುಗ ಸೀಮೆಎಣ್ಣೆ ಬುಡ್ಡಿಯ ಮುಂದೆ ಬೆಳಗಿನವರೆಗೆ ಓದುತ್ತಿದ್ದ. ಗಿರಣಿಯ ಯಂತ್ರಕ್ಕೆ ಪಾಳಿ ಇದ್ದ ಹಾಗೆ ಆ ಮನೆಯಲ್ಲಿ ನಿದ್ದೆಗೂ ಪಾಳಿ. ಈ ಪ್ರಸಂಗವನ್ನು ನಾವು ಅಂಬೇಡ್ಕರ್ ಜಯಂತಿಗಳಲ್ಲಿ ಮಕ್ಕಳಿಗೆ ಛಲದ ಮಾದರಿಯಾಗಿ ಹೇಳುತ್ತೇವೆ. ಛಲ ಹೌದು, ಅದನ್ನು ಯಾರು ಅಲ್ಲಗಳೆಯುತ್ತಾರೆ? ಆದರೆ ಒಬ್ಬ ಹುಡುಗ ಓದಬೇಕಾದರೆ ಅಪ್ಪ ಅರ್ಧ ರಾತ್ರಿ, ಮಗ ಅರ್ಧ ರಾತ್ರಿ ನಿದ್ದೆ ಬಿಡಬೇಕಾದ ಸ್ಥಿತಿ ಮಾದರಿಯಲ್ಲ.

ಇದೆಲ್ಲ ಮೈಯೊಳಗೆ ಏನು ಮಾಡುತ್ತೆ ಅನ್ನೋದು ಈಗ ಚೆನ್ನಾಗಿ ಗೊತ್ತಾಗಿದೆ. ನಮ್ಮ ಮೈಯ ಜೀವಕೋಶಗಳೊಳಗೇ ಒಂದು ಗಡಿಯಾರವಿದೆ, ಅದು ಬೆಳಕು ಕತ್ತಲೆಗೆ ಹೊಂದಿಕೊಂಡು ನಡೆಯುತ್ತೆ. ಆ ಗಡಿಯಾರದ ಒಳಗುಟ್ಟು ಬಿಡಿಸಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ರಾತ್ರಿ ದುಡಿದು ಹಗಲು ಮಲಗುವವನ ಮೈ ಈ ಗಡಿಯಾರದ ಜೊತೆ ದಿನವೂ ಜಗಳವಾಡುತ್ತಿರುತ್ತೆ. 1999ರಲ್ಲಿ ಶಿಕಾಗೋದಲ್ಲಿ ಗಟ್ಟಿಮುಟ್ಟಾದ 11 ಯುವಕರಿಗೆ ಆರು ರಾತ್ರಿ ಬರೀ ನಾಲ್ಕು ನಾಲ್ಕು ಗಂಟೆ ಮಲಗಲು ಬಿಟ್ಟು ನೋಡಿದರು. ಆರೇ ರಾತ್ರಿಯಲ್ಲಿ ಅವರ ಮೈ ಸಕ್ಕರೆಯನ್ನು ಸಂಭಾಳಿಸುವ ಶಕ್ತಿ ಕುಸಿದು, ಸಕ್ಕರೆ ಕಾಯಿಲೆಯ ಬಾಗಿಲಿಗೆ ಬಂದವರ ಹಾಗಾಯಿತು. ರಾತ್ರಿ ಪಾಳಿಯ ದುಡಿಮೆ ಬಹುಶಃ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2007ರಲ್ಲಿ ಹೇಳಿತು, 2019ರಲ್ಲಿ ಮತ್ತೆ ಅದನ್ನೇ ಹೇಳಿತು. ರಕ್ತದೊತ್ತಡ, ಹೃದಯದ ಕಾಯಿಲೆಗಳಿಗೂ ನಿದ್ದೆಗೇಡಿಗೂ ನಂಟಿದೆ. 'ಸಕ್ಕರೆ ಕಾಯಿಲೆ ಶ್ರೀಮಂತರ ರೋಗ' ಅಂತ ಇನ್ನೂ ಹೇಳುವವರು ಪೌರಕಾರ್ಮಿಕರ ಕಾಲೋನಿಗೆ ಒಮ್ಮೆ ಬಂದು ಹೋಗಲಿ.

ಮನಸ್ಸಿನ ಮಾತು ಇನ್ನೂ ಸೂಕ್ಷ್ಮ. ನಿದ್ದೆ ಕೆಟ್ಟವನಿಗೆ ಸಿಟ್ಟು ಮೂಗಿನ ತುದಿಯಲ್ಲಿ, ನೆನಪು ಮಂಕು, ಬದುಕೇ ಬೇಡ ಅನ್ನಿಸುವ ಖಿನ್ನತೆಗೂ ಅಲ್ಲಿಂದ ದಾರಿ. ಇದನ್ನು ಕಂಡ ಊರಿನವರು 'ಆ ಜನವೇ ಹಾಗೆ, ಮುಂಗೋಪಿಗಳು, ಮಂದಬುದ್ಧಿಯವರು' ಅಂತ ಜಾತಿಯ ಖಾತೆಗೆ ಬರೆದರು. ಕುಡಿತದ ವಿಷಯವೂ ಅಷ್ಟೆ. ಮೈಕೈ ನೋವಿಗೆ ನಿದ್ದೆ ಹತ್ತಲಿ ಅಂತ ಒಂದು ಪಾಕೀಟು ಹಾಕಿಕೊಂಡು ಮಲಗುತ್ತಾನೆ. ಸಾರಾಯಿ ಬೇಗ ನಿದ್ದೆಗೆ ನೂಕುತ್ತೆ ನಿಜ, ಆದರೆ ನಡುರಾತ್ರಿ ದಾಟಿದ ಮೇಲೆ ಅದೇ ನಿದ್ದೆಯನ್ನು ಒಡೆಯುತ್ತೆ. ನಾಳೆ ಇನ್ನೂ ಸುಸ್ತು, ನಾಳೆ ರಾತ್ರಿ ಇನ್ನೊಂದು ಪಾಕೀಟು. ನಾವು ಕುಡಿತವನ್ನು ಸಮರ್ಥಿಸುತ್ತಿಲ್ಲ, ಅದು ನಮ್ಮ ಹಟ್ಟಿಗಳನ್ನು ಹಾಳು ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ನಿದ್ದೆಯ ಮಾತೇ ಎತ್ತದೆ ಮಾಡುವ ಪಾನನಿಷೇಧದ ಭಾಷಣ ಅರ್ಧ ಭಾಷಣ.

ಮತ್ತೆ ಭಯ. 1901ರಲ್ಲಿ ಅಂಬೇಡ್ಕರರು ಇನ್ನೂ ಹುಡುಗ. ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ತಂದೆಯಿದ್ದ ಗೋರೆಗಾಂವ್‌ಗೆ ಹೊರಟಾಗ, ಮಹಾರರ ಮಕ್ಕಳೆಂದು ತಿಳಿದು ದಾರಿಯಲ್ಲಿ ಯಾರೂ ನೀರು ಕೊಡಲಿಲ್ಲ. ಉಪವಾಸದಲ್ಲೇ ಗಾಡಿಯಲ್ಲಿ ಕಳೆದ ಆ ರಾತ್ರಿ ಹುಡುಗರು ಇಬ್ಬರು ಮಲಗುವುದು, ಇಬ್ಬರು ಕಾವಲಿರುವುದು ಅಂತ ಮಾತಾಡಿಕೊಂಡರು. ಇದನ್ನು ಅವರೇ ಬರೆದಿದ್ದಾರೆ. ನಿದ್ದೆ ಅಂದರೆ ಸುತ್ತಲಿನವರನ್ನು ನಂಬಿ ಕಣ್ಣು ಮುಚ್ಚುವುದು. ನಂಬಲು ಯಾರಿದ್ದಾರೆ? 1968ರ ಡಿಸೆಂಬರ್ 25ರ ರಾತ್ರಿ ತಂಜಾವೂರು ಜಿಲ್ಲೆಯ ಕೀಳವೆಣ್ಮಣಿಯಲ್ಲಿ 44 ಜನರನ್ನು ಗುಡಿಸಲಿನಲ್ಲಿ ಸುಟ್ಟರು. 2000ದ ಮಾರ್ಚ್ 11ರಂದು ನಮ್ಮದೇ ಕೋಲಾರ ಜಿಲ್ಲೆಗೆ ಆಗ ಸೇರಿದ್ದ ಕಂಬಾಲಪಲ್ಲಿಯಲ್ಲಿ 7 ದಲಿತರು ಬೆಂಕಿಗೆ ಬಿದ್ದರು. ಒಂದು ಕೇರಿಗೆ ಬೆಂಕಿ ಬಿದ್ದರೆ ಸುತ್ತಲಿನ ನೂರು ಕೇರಿಗಳು ತಿಂಗಳುಗಟ್ಟಲೆ ಸರಿಯಾಗಿ ಮಲಗುವುದಿಲ್ಲ. 2012ರಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರ ಮೇಲೆ ಪೊಲೀಸರು ನುಗ್ಗಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ನಿದ್ದೆಯೂ ಬದುಕುವ ಮೂಲಭೂತ ಹಕ್ಕಿನೊಳಗೆ ಸೇರಿದೆ ಅಂತ ಬರೆದರು. ಒಳ್ಳೆಯ ಮಾತು. ಕೇರಿಯವರು ಈ ಹಕ್ಕು ಕೇಳಿಕೊಂಡು ಯಾವ ಠಾಣೆಗೆ ಹೋಗಬೇಕು ಅಂತ ತೀರ್ಪಿನಲ್ಲಿಲ್ಲ.

ಚೆನ್ನೈ ಅಧ್ಯಯನದ ಇನ್ನರ್ಧ ಈಗ ಹೇಳಬೇಕು. ಕಿವಿಗೆ ಹತ್ತಿ, ಕಣ್ಣಿಗೆ ಪಟ್ಟಿ, ಫ್ಯಾನು, ಬುದ್ಧಿಮಾತು ಇಂಥವನ್ನು ಕೊಟ್ಟು ಬಡವರ ರಾತ್ರಿ ನಿದ್ದೆಯನ್ನು 27 ನಿಮಿಷ ಹೆಚ್ಚಿಸಿದರು. ಅದರಿಂದ ಕೆಲಸಕ್ಕಾಗಲಿ ಮನಸ್ಸಿಗಾಗಲಿ ಎದ್ದು ಕಾಣುವ ಲಾಭ ಏನೂ ಆಗಲಿಲ್ಲ. ಒಡೆದ ನಿದ್ದೆಗೆ ಇನ್ನಷ್ಟು ಒಡೆದ ನಿದ್ದೆ ಸೇರಿಸಿದಂತಾಯಿತು ಅಂತ ನಮಗನ್ನಿಸುತ್ತೆ. ಆದರೆ ಕೆಲಸದ ಜಾಗದಲ್ಲೇ ಮಧ್ಯಾಹ್ನ ಅರ್ಧ ಗಂಟೆ ಸದ್ದಿಲ್ಲದ ಕಡೆ ಮಲಗಲು ಬಿಟ್ಟಾಗ ಕೆಲಸವೂ ಚುರುಕಾಯಿತು, ಮನಸ್ಸೂ ಹಗುರಾಯಿತು. ಚರಕ ಸಂಹಿತೆ ಹಗಲುನಿದ್ದೆ ಸಲ್ಲದು ಅನ್ನುವಾಗಲೂ ದುಡಿದು, ಹೊರೆ ಹೊತ್ತು, ದಾರಿ ನಡೆದು ದಣಿದವರಿಗೆ ವಿನಾಯಿತಿ ಕೊಟ್ಟಿದೆ. ಆಯುರ್ವೇದದ ಹೆಸರಲ್ಲಿ ಚೂರ್ಣ ಮಾರುವ ಯಾವ ಕಂಪನಿ ಬಾವುಟಗುಡ್ಡದಂಥ ಜಾಹೀರಾತಿನಲ್ಲಿ ಈ ಮಾತು ಹಾಕಿದೆ? ಉಂಡ ಮೇಲೆ ಹೊಂಗೆ ಮರದ ಕೆಳಗೆ ಒರಗಿದ ಕೂಲಿಯಾಳು ಇವತ್ತಿಗೂ ಸೋಮಾರಿಯೇ.

ಇನ್ನು ಇವತ್ತಿನ ಮಾತು. 2023ರಲ್ಲಿ ಕರ್ನಾಟಕದ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನದ ದುಡಿಮೆಯನ್ನು 12 ಗಂಟೆಯವರೆಗೆ ಹಿಗ್ಗಿಸಲು, ಹೆಂಗಸರನ್ನು ರಾತ್ರಿ ಪಾಳಿಗೆ ಹಚ್ಚಲು ದಾರಿ ಮಾಡಿತು. ವಾರಕ್ಕೆ 48 ಗಂಟೆ ಮೀರುವುದಿಲ್ಲವಲ್ಲ, ಉಳಿದ ದಿನ ರಜೆ ಸಿಗುತ್ತಲ್ಲ ಅಂತ ಸಮಾಧಾನ ಹೇಳಿದರು. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳ ಲೆಕ್ಕ ಹಾಕಿ ನೋಡಿ. ಕೆಲಸ 12, ಹೋಗಿ ಬರಲು 2, ಅಡುಗೆ ನೀರು ಬಟ್ಟೆ ಪಾತ್ರೆಗೆ 4. ಉಳಿದದ್ದು 6. ಅದರೊಳಗೇ ಸ್ನಾನ, ಊಟ, ಮಗುವಿನ ಜ್ವರ. ನಿದ್ದೆಯನ್ನು ಶನಿವಾರ ಭಾನುವಾರಕ್ಕೆ ಕೂಡಿಟ್ಟುಕೊಳ್ಳಲು ಅದು ಚೀಟಿ ದುಡ್ಡಲ್ಲ. ಹಳ್ಳಿಯಲ್ಲಿ ನೀರುಗಂಟಿಯ ಹುದ್ದೆ ಹೋಯಿತು, ನಡುರಾತ್ರಿ ನೀರು ಹಾಯಿಸುವ ಕೆಲಸ ಹೋಗಲಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಎಷ್ಟೋ ಕಡೆ ರಾತ್ರಿಯೇ ಬರುತ್ತೆ, ಹಾವು ಹುಳದ ನಡುವೆ ಬ್ಯಾಟರಿ ಹಿಡಿದು ಹೋಗುವವನು ಸಣ್ಣ ರೈತ, ಇಲ್ಲವೇ ದೊಡ್ಡ ರೈತನ ಆಳು.

ಇಷ್ಟನ್ನೂ ಬರೆದದ್ದು ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಕೆಲಸ ಒಪ್ಪಿಸಲು. ಎರಡನೇ ಪೀರಿಯಡ್ಡಿಗೇ ತೂಕಡಿಸುವ ಮಗು ನಿಮ್ಮ ಕ್ಲಾಸಿನಲ್ಲೂ ಇದೆ. ಕಲಿತ ಪಾಠ ನೆನಪಿನಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ ಅಂತ ಮೆದುಳಿನ ವಿಜ್ಞಾನ ಹೇಳುತ್ತೆ, ನಾವು ಆ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸುತ್ತೇವೆ. ನಿಲ್ಲಿಸುವ ಮೊದಲು ಕೇಳಿ: ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ ಮಗಾ, ಎಷ್ಟು ಜನ ಒಂದು ಕೋಣೇಲಿ, ಯಾರು ಎಬ್ಬಿಸಿದರು, ಯಾತಕ್ಕೆ? ನಿಮ್ಮ ಹಟ್ಟಿಯ, ನಿಮ್ಮ ಹಾಸ್ಟೆಲಿನ, ನಿಮ್ಮ ಊರಿನ ಪೌರಕಾರ್ಮಿಕರ ಬೀದಿಯ ಹತ್ತು ಹತ್ತು ಮನೆಗಳಲ್ಲಿ ಇದೇ ಪ್ರಶ್ನೆ ಕೇಳಿ, ಹೆಸರು ಹಾಕದೆ, ಮಲಗಿದ ಹೊತ್ತು ಎದ್ದ ಹೊತ್ತು ಬರೆದು ಪತ್ರಿಕೆಗೆ ಕಳಿಸಿ. ಬಂದಷ್ಟನ್ನೂ ಅಚ್ಚು ಹಾಕುತ್ತೇವೆ.